ಕಣ್ಣಿಗೆ ದಕ್ಕಿದ್ದು ಒಂದೇ ಸ್ಥಾಯಿ

ಬಾನುಲಿಯ ಉದ್ದನೆಯ ಅಲೆಯಿಂದ ಗಾಮಾ ಕಿರಣದವರೆಗೆ ಇರುವುದು ಒಂದೇ ಬೆಳಕು. ಅದರ ಅಳತೆ ಬದಲಾದಂತೆ ಅದು ಮಾತಾಡಿಸುವ ವಸ್ತುವೂ ಬದಲಾಗುತ್ತದೆ.

2020ರ ಆರಂಭದ ತಿಂಗಳುಗಳಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಒಂದು ತೆಪ್ಪ ತೇಲುತ್ತಿತ್ತು. ತೆಪ್ಪದ ಮೇಲೆ ಶಂಕುವಿನಾಕಾರದ ಲೋಹದ ಆ್ಯಂಟೆನಾ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಯಾರಿಸಿದ ಆ ಉಪಕರಣದ ಹೆಸರು ಸರಸ್-3. ದಂಡಿಗಾನಹಳ್ಳಿ ಕೆರೆಯಲ್ಲೂ ಅದು ತೇಲಿತ್ತು. ಆಕಾಶ ನೋಡುವ ಯಂತ್ರವನ್ನು ಬೆಟ್ಟದ ತುದಿಗೆ ಒಯ್ಯುವುದು ವಾಡಿಕೆ, ಇವರು ನೀರಿಗಿಳಿಸಿದರು. ಕಾರಣವಿತ್ತು. ಮಣ್ಣು, ಅದರಡಿ ಜಲ್ಲಿ, ಅದರಡಿ ಬಂಡೆ, ನಡುವೆ ಎಲ್ಲೋ ತೇವ — ಹೀಗೆ ಪದರಪದರವಾದ ನೆಲ ರೇಡಿಯೊ ಅಲೆಗಳನ್ನು ಒಂದೊಂದು ಆವರ್ತನದಲ್ಲಿ ಒಂದೊಂದು ರೀತಿ ಹಿಂದಕ್ಕೆ ತೂರುತ್ತದೆ. ಹುಡುಕುತ್ತಿದ್ದ ಸಂಕೇತವೋ ಅತಿ ಕ್ಷೀಣ. ಆಳವಾದ ನೀರಿಗೆ ಪದರಗಳಿಲ್ಲ, ಅದರ ವರ್ತನೆಯನ್ನು ಲೆಕ್ಕ ಹಾಕಿ ಕಳೆದುಬಿಡಬಹುದು.

ಹುಡುಕುತ್ತಿದ್ದದ್ದು ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕದ ಗುರುತು. ಜಲಜನಕದ ಪರಮಾಣು 1420 ಮೆಗಾಹರ್ಟ್ಸ್‌ನಲ್ಲಿ, ಅಂದರೆ 21 ಸೆಂಟಿಮೀಟರ್ ಉದ್ದದ ಅಲೆಯಲ್ಲಿ, ತನ್ನ ಇರವನ್ನು ಹೇಳಿಕೊಳ್ಳುತ್ತದೆ. ಆದರೆ ಅಷ್ಟು ಹಿಂದೆ ಹೊರಟ ಅಲೆ ನಮ್ಮನ್ನು ಮುಟ್ಟುವಷ್ಟರಲ್ಲಿ ವಿಶ್ವವೇ ಹಿಗ್ಗಿದೆ, ಜೊತೆಗೆ ಅಲೆಯೂ. 21 ಸೆಂಟಿಮೀಟರ್ ಇದ್ದದ್ದು 4 ಮೀಟರ್‌ನಷ್ಟು ಆಗಿರುತ್ತದೆ. ಆಸ್ಟ್ರೇಲಿಯಾದ ಪಶ್ಚಿಮದ ಮರುಭೂಮಿಯಲ್ಲಿ ನಡೆದ ಎಡ್ಜಸ್ ಎಂಬ ಪ್ರಯೋಗದವರು 78 ಮೆಗಾಹರ್ಟ್ಸ್ ಹತ್ತಿರ ಈ ಗುರುತು ಸಿಕ್ಕಿದೆ ಎಂದು 2018ರಲ್ಲಿ ಪ್ರಕಟಿಸಿದಾಗ ಜಗತ್ತಿನ ಖಗೋಳವಿಜ್ಞಾನಿಗಳು ಎದ್ದು ಕೂತಿದ್ದರು. ಸಿಕ್ಕ ಗುರುತು ನಿರೀಕ್ಷೆಗಿಂತ ಎಷ್ಟೋ ಗಾಢವಾಗಿತ್ತು. ಅದನ್ನು ವಿವರಿಸಲು ಹೊಸ ಭೌತವಿಜ್ಞಾನವೇ ಬೇಕೇನೋ ಎಂಬ ಮಾತು ಹಬ್ಬಿತು. 2022ರ ಫೆಬ್ರವರಿಯಲ್ಲಿ ಸರಸ್ ತಂಡ ತನ್ನ ಅಳತೆಯನ್ನು ಮುಂದಿಟ್ಟಿತು: ಅಂಥ ಗುರುತು ಇಲ್ಲ, ಶೇ 95.3ರಷ್ಟು ಭರವಸೆಯಿಂದ ಹೇಳುತ್ತೇವೆ. ನಮ್ಮ ಹಿನ್ನೀರಿನಿಂದ ಹೊರಟ ಈ 'ಇಲ್ಲ'ಕ್ಕೆ ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ. 'ಸಿಕ್ಕಿತು' ಎಂಬುದು ಸುದ್ದಿ, 'ಇಲ್ಲ' ಎಂಬುದು ಸುದ್ದಿಯಲ್ಲ, ಏನು ಮಾಡೋಣ.

ನಾಲ್ಕು ಮೀಟರ್ ಉದ್ದದ ಆ ಅಲೆಯೂ, ಹಿತ್ತಲ ದಾಸವಾಳದ ಕೆಂಪೂ, ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆಯುವ ಕಿರಣವೂ ಒಂದೇ ವಸ್ತು. ವಿದ್ಯುತ್ ಕ್ಷೇತ್ರ ಬದಲಾದರೆ ಕಾಂತಕ್ಷೇತ್ರ ಹುಟ್ಟುತ್ತದೆ, ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಕ್ಷೇತ್ರ. ಒಂದನ್ನೊಂದು ಹುಟ್ಟಿಸುತ್ತ ನಿರ್ವಾತದಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಾಗುವ ಅಲೆ ಇದು. ವೇಗ ಎಲ್ಲಕ್ಕೂ ಅದೇ. ಅಲೆಯ ಉದ್ದ ಮಾತ್ರ ಬೇರೆ. ಉದ್ದ ಹೆಚ್ಚಿದ್ದರೆ ಸೆಕೆಂಡಿಗೆ ಅದರ ಮಿಡಿತ ಕಡಿಮೆ, ಉದ್ದ ಕಡಿಮೆಯಾದರೆ ಮಿಡಿತ ಹೆಚ್ಚು.

ಕಣ್ಣಿಗೆ ಕಾಣುವ ಕೆಂಪು ಸೆಕೆಂಡಿಗೆ ಸುಮಾರು 430 ಲಕ್ಷ ಕೋಟಿ ಸಲ ಮಿಡಿದರೆ ನೇರಳೆ ಸುಮಾರು 750 ಲಕ್ಷ ಕೋಟಿ ಸಲ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋದರೆ ಆವರ್ತನ ಎರಡರಷ್ಟಾಗುತ್ತದೆಯಲ್ಲ, ಆ ಲೆಕ್ಕದಲ್ಲಿ ಕಾಮನಬಿಲ್ಲಿನ ಏಳೂ ಬಣ್ಣ ಸೇರಿ ಒಂದು ಸ್ಥಾಯಿಯೂ ಪೂರ್ತಿ ಆಗುವುದಿಲ್ಲ. ಮಧ್ಯಮ ತರಂಗದ ಬಾನುಲಿಯಿಂದ ಶುರುಮಾಡಿ, ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಕೋಬಾಲ್ಟ್‌ನ ಗಾಮಾ ಕಿರಣದವರೆಗೆ ಹೋದರೆ 48 ಸ್ಥಾಯಿ. ಅದರ ಆಚೆ ಈಚೆಯೂ ಇದೆ.

ಬಣ್ಣ ಮುಗಿದಲ್ಲಿ

ಕಾಣುವ ಬೆಳಕಿನ ಆಚೆಗೆ ಮೊದಲು ಕಾಲಿಟ್ಟವನು ಸಂಗೀತಗಾರನೇ. ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಿನ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದ, ಪಾಠ ಹೇಳುತ್ತಿದ್ದ, ರಾತ್ರಿ ತಾನೇ ಉಜ್ಜಿ ಮಾಡಿದ ಕನ್ನಡಿಗಳಲ್ಲಿ ಆಕಾಶ ನೋಡುತ್ತಿದ್ದ. 1781ರಲ್ಲಿ ಯುರೇನಸ್ ಗ್ರಹ ಅವನ ಕಣ್ಣಿಗೆ ಬಿದ್ದ ಮೇಲೆ ಸಂಗೀತ ಬಿಟ್ಟ. 1800ರಲ್ಲಿ ಅವನಿಗೊಂದು ಪ್ರಾಯೋಗಿಕ ತೊಂದರೆ: ಸೂರ್ಯನನ್ನು ನೋಡಲು ದೂರದರ್ಶಕಕ್ಕೆ ಬಣ್ಣದ ಗಾಜು ಹಾಕಿದರೆ ಕೆಲವು ಗಾಜಿನಲ್ಲಿ ಬೆಳಕು ಕಡಿಮೆ ಇದ್ದರೂ ಕಣ್ಣು ಸುಡುತ್ತಿತ್ತು. ಯಾವ ಬಣ್ಣದಲ್ಲಿ ಎಷ್ಟು ಶಾಖ ಎಂದು ತಿಳಿಯಲು ಪಟ್ಟಕದಿಂದ ಬಿಸಿಲನ್ನು ಬಿಡಿಸಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟ. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಪಾದರಸ ಎಲ್ಲಕ್ಕಿಂತ ಮೇಲೇರಿತು. ಅವಕೆಂಪು ಕಿರಣ ಸಿಕ್ಕಿದ್ದು ಹೀಗೆ. (ಪಟ್ಟಕ ಕೆಂಪಿನ ತುದಿಯನ್ನು ಒತ್ತಾಗಿ, ನೇರಳೆಯ ತುದಿಯನ್ನು ಅಗಲವಾಗಿ ಹರಡುತ್ತದೆ. ಆ ಒತ್ತಿನಿಂದಾಗಿ ಅಲ್ಲಿ ಶಾಖ ಇನ್ನಷ್ಟು ಹೆಚ್ಚು ಕಂಡಿತು. ಪಟ್ಟಕದ ಈ ಗುಣ ಹರ್ಷೆಲ್‌ನ ಕೈ ಹಿಡಿಯಿತು.)

ಮರುವರ್ಷ ಜರ್ಮನಿಯ ಯೇನಾದಲ್ಲಿ ಯೋಹಾನ್ ರಿಟ್ಟರ್ ಇನ್ನೊಂದು ತುದಿಗೆ ಹೋದ. ಬಿಸಿಲು ತಾಗಿದರೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು ಬಣ್ಣಬಣ್ಣಗಳಲ್ಲಿ ಇಟ್ಟು ನೋಡಿದರೆ, ನೇರಳೆಯ ಆಚೆಯ ಕತ್ತಲಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಈ ಬೆಳ್ಳಿಯ ಲವಣ ಮುಂದೆ ಫೋಟೊ ಕಾಗದವಾಗಿ ನಮ್ಮೂರುಗಳ ಸ್ಟುಡಿಯೊಗಳಿಗೂ ಬಂತು. ಡಿಜಿಟಲ್ ಬರುವ ಮುಂಚೆ ಫೋಟೊ ತೊಳೆಯುವ ಕತ್ತಲೆ ಕೋಣೆಯೊಳಗೆ ಇಣುಕಿದವರಿಗೆ ಅಲ್ಲಿ ಉರಿಯುತ್ತಿದ್ದ ಕೆಂಪು ಬಲ್ಬು ನೆನಪಿರುತ್ತದೆ. ಆ ಬಲ್ಬಿನ ವಿಷಯಕ್ಕೆ ಮತ್ತೆ ಬರಬೇಕು.

ಈ ಬಿಡಿ ಸಂಗತಿಗಳನ್ನೆಲ್ಲ ಒಂದೇ ಎಳೆಗೆ ಪೋಣಿಸಿದವನು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1860ರ ದಶಕದಲ್ಲಿ ಆತ ವಿದ್ಯುತ್ತು ಮತ್ತು ಕಾಂತತ್ವದ ಸಮೀಕರಣಗಳಿಂದ ಒಂದು ಅಲೆಯ ವೇಗವನ್ನು ಲೆಕ್ಕ ಹಾಕಿದ. ಪ್ರಯೋಗಾಲಯದಲ್ಲಿ ಅಳೆದ ವಿದ್ಯುತ್ತಿನ ಅಂಕಿಗಳಿಂದ ಬಂದ ಆ ವೇಗ, ಬೆಳಕಿನ ವೇಗಕ್ಕೆ ಬಹಳ ಹತ್ತಿರವಿತ್ತು. ಬೆಳಕೇ ವಿದ್ಯುತ್ಕಾಂತ ಅಲೆ ಎಂದು ಅವನು ಹೇಳಿದ್ದು ಅದರ ಮೇಲೆ. ಹಾಗಾದರೆ ಬೆಳಕಿಗಿಂತ ಲಕ್ಷಾಂತರ ಪಟ್ಟು ಉದ್ದದ ಅಲೆಗಳೂ ಇರಬೇಕಲ್ಲ? 1880ರ ದಶಕದ ಕೊನೆಗೆ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಖ್ ಹರ್ಟ್ಸ್ ಕಿಡಿ ಹಾರಿಸಿ, ದೂರದ ತಂತಿಯ ಬಾಯಲ್ಲಿ ಸಣ್ಣ ಕಿಡಿ ಮೂಡಿಸಿ ಅವನ್ನು ತೋರಿಸಿದ. ಮ್ಯಾಕ್ಸ್‌ವೆಲ್ ಅಷ್ಟರಲ್ಲಿ ತೀರಿಕೊಂಡಿದ್ದ. ಹರ್ಟ್ಸ್ ಕೂಡ 36ಕ್ಕೇ ಹೋದ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಅಧ್ಯಾಯ ಕಲ್ಕತ್ತೆಯದು. ಹರ್ಟ್ಸ್‌ನ ಅಲೆಗಳು ಮೀಟರುಗಟ್ಟಲೆ ಉದ್ದ. ಅವುಗಳ ಜೊತೆ ಬೆಳಕಿನ ಪ್ರಯೋಗಗಳನ್ನು ಮಾಡಬೇಕೆಂದರೆ ಪಟ್ಟಕ, ಮಸೂರ ಎಲ್ಲ ಕೋಣೆಯಷ್ಟು ದೊಡ್ಡದಾಗಬೇಕು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರಿಗೆ ಇದ್ದದ್ದು ಚಿಕ್ಕ ಜಾಗ. ಅವರು ಅಲೆಯನ್ನೇ ಚಿಕ್ಕದು ಮಾಡಿದರು. 1890ರ ದಶಕದ ನಡುವಿನಲ್ಲಿ ಅವರು ಹುಟ್ಟಿಸಿದ ಅಲೆಗಳು 5 ಮಿಲಿಮೀಟರ್‌ವರೆಗೆ ಇಳಿದವು. ಇಂದಿನ ಮಾತಿನಲ್ಲಿ 60 ಗಿಗಾಹರ್ಟ್ಸ್. ಮೇಜಿನ ಮೇಲೆ ಇಡಬಹುದಾದ ಉಪಕರಣದಲ್ಲಿ ಅವುಗಳನ್ನು ಪ್ರತಿಫಲಿಸಿದರು, ಬಾಗಿಸಿದರು, ಧ್ರುವೀಕರಿಸಿದರು, ಅಂದರೆ ಅವುಗಳ ಕಂಪನವನ್ನು ಒಂದೇ ದಿಕ್ಕಿಗೆ ಕಟ್ಟಿದರು. ಧ್ರುವೀಕರಣಕ್ಕೆ ಅವರು ಬಳಸಿದ್ದು ಬ್ರಾಡ್‌ಶಾ ಎಂಬ ರೈಲ್ವೆ ವೇಳಾಪಟ್ಟಿಯ ಪುಸ್ತಕ, ಹಾಳೆಗಳ ನಡುವೆ ತವರದ ತೆಳುಹಾಳೆ ಸೇರಿಸಿ! ಸಕ್ಕರೆ ನೀರು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ. ಅದೇ ಪರಿಣಾಮವನ್ನು ಈ ಅಲೆಗಳಲ್ಲಿ ತೋರಿಸಲು ಬಂಗಾಳದ ಸೆಣಬನ್ನು ಹೊಸೆದು ಕಂತೆ ಮಾಡಿ ಇಟ್ಟರು. ಸೆಣಬಿನ ಹುರಿ ಅಲೆಗೆ ಸಕ್ಕರೆಯ ಅಣುವಿನಂತೆ ಕಂಡಿತು, ಏಕೆಂದರೆ ಅಲೆಯ ಅಳತೆಗೆ ತಕ್ಕ ತಿರುಚು ಅದರಲ್ಲಿತ್ತು. ಇಡೀ ರೋಹಿತವನ್ನು ಅರ್ಥಮಾಡಿಕೊಳ್ಳುವ ಕೀಲಿ ಇಲ್ಲೇ ಇದೆ. ಅಲೆ ಯಾವುದನ್ನು ಗಮನಿಸುತ್ತದೆ, ಯಾವುದನ್ನು ಕಡೆಗಣಿಸುತ್ತದೆ ಎಂಬುದಕ್ಕೆ ಅದರ ಅಳತೆಯೇ ದೊಡ್ಡ ಕಾರಣ.

ಬೆಟ್ಟ ಸುತ್ತುವ ಅಲೆ, ಗೋಡೆಗೆ ಸೋಲುವ ಅಲೆ

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆ ಅರ್ಧ ಕಿಲೋಮೀಟರಿನಷ್ಟು ಉದ್ದ. ಅದಕ್ಕೆ ಸಣ್ಣ ಗುಡ್ಡ ಲೆಕ್ಕಕ್ಕೇ ಇಲ್ಲ. ನೆಲಕ್ಕಂಟಿಕೊಂಡು, ಬಳಸಿಕೊಂಡು ಹೋಗುತ್ತದೆ. ಎಫ್‌ಎಂ ಅಲೆ ಮೂರು ಮೀಟರ್. ಘಟ್ಟದ ತಿರುವಿನಲ್ಲಿ ಕಾರಿನ ಎಫ್‌ಎಂ ಗೊರಗೊರ ಎನ್ನುವುದು ಅದಕ್ಕೇ. ಇನ್ನು ರಾತ್ರಿಯ ಸಂಗತಿ ಬೇರೆ. ಹಗಲಲ್ಲಿ, ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಲದ ಕೆಳಪದರ ಮಧ್ಯಮ ತರಂಗಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ಹಳೆಯ ತಲೆಮಾರು ಮುಳ್ಳು ತಿರುಗಿಸಿ ತಿರುಗಿಸಿ ರೇಡಿಯೊ ಸಿಲೋನ್ ಹಿಡಿಯುತ್ತಿದ್ದದ್ದು ಹ್ರಸ್ವ ತರಂಗದಲ್ಲಿ. ಅದನ್ನು ಸಮುದ್ರ ದಾಟಿಸಿ ತಂದದ್ದೂ ಇದೇ ಅಯಾನುಗೋಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದಾಗ ಆಕಾಶ ಖಾಲಿ ಖಾಲಿ ಇತ್ತು.

ಈಗ ಖಾಲಿ ಜಾಗವಿಲ್ಲ. 2022ರ ತರಂಗಾಂತರ ಹರಾಜಿನಲ್ಲಿ ಕೇಂದ್ರ ಸರ್ಕಾರಕ್ಕೆ ಬಂದ ಬಿಡ್ ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಮಣ್ಣಿಲ್ಲದ ಈ ಜಮೀನಿನಲ್ಲೂ ತರಿ, ಖುಷ್ಕಿ ಎಂಬ ಭೇದವಿದೆ. 700 ಮೆಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಅಡಕೆ ತೋಟಗಳ ನಡುವೆ ಚದುರಿದ ಮಲೆನಾಡಿನ ಮನೆಗಳಿಗೆ ಅದು ಬೇಕು. ಅದೇ ಹರಾಜಿನಲ್ಲಿದ್ದ 26 ಗಿಗಾಹರ್ಟ್ಸ್ ಪಟ್ಟಿ ಅಪಾರ ಮಾಹಿತಿ ಹೊರಬಲ್ಲದು, ಆದರೆ ಒಂದು ಗೋಡೆಗೆ, ಒಂದು ದಟ್ಟ ಮರಕ್ಕೆ ಸೋಲುತ್ತದೆ. ಬೋಸರು ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಮೇಜಿನ ಮೇಲೆ ಆಡಿಸಿದ ಅಲೆಗಳ ನೆರೆಹೊರೆಯದೇ ಇದು.

ಎಲ್ಲವನ್ನೂ ಮಾರಿಲ್ಲ ಎಂಬುದೂ ಹೇಳಬೇಕಾದ ಮಾತು. ಜಲಜನಕದ 1420 ಮೆಗಾಹರ್ಟ್ಸ್ ಇರುವ 1400ರಿಂದ 1427 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡುವಂತಿಲ್ಲ, ಕೇಳಬಹುದು ಅಷ್ಟೇ. ಇದು ಅಂತರರಾಷ್ಟ್ರೀಯ ಒಪ್ಪಂದ. ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆ ಕೂಡಿ 1970ರ ದಶಕದಲ್ಲಿ ಕಟ್ಟಿದ ದೂರದರ್ಶಕಕ್ಕೆ ಅಂಥ ಭಾಗ್ಯವಿರಲಿಲ್ಲ. ಅದು ಕೇಳಿದ್ದು 34.5 ಮೆಗಾಹರ್ಟ್ಸ್, ಅಲೆಯ ಉದ್ದ ಒಂಬತ್ತು ಮೀಟರಿಗೆ ಸ್ವಲ್ಪ ಕಡಿಮೆ. ಇಷ್ಟು ಉದ್ದದ ಅಲೆಯಲ್ಲಿ ಆಕಾಶದ ವಿವರ ಕಾಣಬೇಕಾದರೆ ಕಣ್ಣು ಕಿಲೋಮೀಟರುಗಟ್ಟಲೆ ಅಗಲವಿರಬೇಕು. ಹಾಗಾಗಿ ಸಾವಿರ ಆ್ಯಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ನೆಟ್ಟರು, ಪೂರ್ವ–ಪಶ್ಚಿಮದ ತೋಳೇ 1.4 ಕಿಲೋಮೀಟರ್. ಕನ್ನಡಿಯಿಲ್ಲ, ಗುಮ್ಮಟವಿಲ್ಲ, ನೋಡಿದರೆ ದೂರದರ್ಶಕ ಅನ್ನಿಸುವುದೇ ಇಲ್ಲ. ಆ ಆವರ್ತನದಲ್ಲಿ ಆಕಾಶದ ಬಹುಭಾಗದ ನಕ್ಷೆ ಬರೆದು ಜಗತ್ತಿಗೆ ಕೊಟ್ಟದ್ದು ಈ ಬಯಲು. ಮೊದಲ ನಕ್ಷತ್ರಗಳ ಗುರುತಿನ ಕಷ್ಟ ಇನ್ನೂ ಹೆಚ್ಚು: ಅದು ಬಂದು ಕೂರುವುದು ಎಫ್‌ಎಂ ಪಟ್ಟಿಯ ಆಸುಪಾಸಿನಲ್ಲಿ, ಭೂಮಿಯ ಮೇಲೆ ಎಲ್ಲಿ ಹೋದರೂ ಯಾರದೋ ಹಾಡು. ರಾಮನ್ ಸಂಸ್ಥೆಯ ಮುಂದಿನ ಪ್ರಸ್ತಾವದ ಹೆಸರು ಪ್ರತುಷ್. ಚಂದ್ರನ ಸುತ್ತ ಹಾರುತ್ತ, ಅದರ ಆಚೆ ಬದಿಗೆ ಹೋದಾಗ, ಚಂದ್ರನನ್ನೇ ಅಡ್ಡ ಇಟ್ಟುಕೊಂಡು ಕೇಳುವ ಯೋಜನೆ.

ಎಷ್ಟು ಬೆಳಕು, ಎಂಥ ಬೆಳಕು

ಕೆಂಪು ಬಲ್ಬಿಗೆ ಬರೋಣ. ಕತ್ತಲೆ ಕೋಣೆಯಲ್ಲಿ ಅದು ಗಂಟೆಗಟ್ಟಲೆ ಉರಿದರೂ ಫೋಟೊ ಕಾಗದ ಹಾಳಾಗುವುದಿಲ್ಲ, ಬಾಗಿಲು ಒಂದು ಕ್ಷಣ ತೆರೆದು ಬಿಸಿಲು ಬಿದ್ದರೆ ಕಾಗದ ಹೋಯಿತು. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ವಿವರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಬೆಳಕು ತನ್ನ ಶಕ್ತಿಯನ್ನು ಬಿಡಿ ಬಿಡಿ ಕಣವಾಗಿ ಕೊಡುತ್ತದೆ, ಒಂದೊಂದು ಕಣದ ಶಕ್ತಿ ಆವರ್ತನಕ್ಕೆ ತಕ್ಕಷ್ಟು. ಕೆಂಪಿನ ಕಣಕ್ಕೆ ಬೆಳ್ಳಿಯ ಲವಣವನ್ನು ಬದಲಿಸುವ ತಾಕತ್ತಿಲ್ಲ. ಅಂಥವು ಕೋಟಿ ಬಂದರೂ ಕೆಲಸವಾಗದು.

ಮೊಬೈಲ್ ಟವರ್ ಬಗ್ಗೆ ಊರೂರಿನಲ್ಲಿ ನಡೆಯುವ ಜಗಳವನ್ನು ಇದರ ಬೆಳಕಿನಲ್ಲಿ ನೋಡಬೇಕು. 1800 ಮೆಗಾಹರ್ಟ್ಸ್‌ನ ಒಂದು ಕಣಕ್ಕಿಂತ ಕೆಂಪು ಬೆಳಕಿನ ಒಂದು ಕಣದಲ್ಲಿ ಎರಡು ಲಕ್ಷ ಪಟ್ಟಿಗೂ ಹೆಚ್ಚು ಶಕ್ತಿ ಇದೆ. ಅಣುಗಳ ಬೆಸುಗೆ ಮುರಿಯಲು ಕೆಂಪಿಗೇ ಸಾಲದಿರುವಾಗ ಮೊಬೈಲ್ ಅಲೆಗೆ ಎಲ್ಲಿ ಸಾಧ್ಯ? ಅದು ಮಾಡಬಲ್ಲದು ಬಿಸಿ. ಬಿಸಿಯ ಲೆಕ್ಕ ಇಟ್ಟೇ ಪ್ರಸಾರದ ಮಿತಿ ಹಾಕುತ್ತಾರೆ. ಭಾರತ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನಷ್ಟೇ ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು 'ಇರಬಹುದು' ಎಂಬ ಅನುಮಾನದ ವರ್ಗಕ್ಕೆ ಸೇರಿಸಿದ್ದೂ ನಿಜ. ಸಂಶೋಧನೆ ನಡೆಯುತ್ತಿರಲಿ. ಆದರೆ ಟವರ್ ಬೇಡವೆಂದು ಅರ್ಜಿ ಹಿಡಿದು ಮಟಮಟ ಮಧ್ಯಾಹ್ನ ತಾಲ್ಲೂಕು ಕಚೇರಿಯ ಮುಂದೆ ನಿಂತವರ ಮೈಮೇಲೆ ಆಗ ಬೀಳುತ್ತಿರುವ ಅತಿನೇರಳೆ ಕಿರಣ ನಿಜಕ್ಕೂ ಡಿಎನ್‌ಎ ಕೆಡಿಸಬಲ್ಲದು. ಅದರಲ್ಲಿ ಕೆಟ್ಟದ್ದನ್ನು ಓಝೋನ್ ಪದರ ಮೇಲೆಯೇ ತಡೆಯುವುದರಿಂದ ಬದುಕಿದ್ದೇವೆ.

ಅಡುಗೆಮನೆಯ ಮೈಕ್ರೋವೇವ್ ಒಲೆಯ ಅಲೆ 2450 ಮೆಗಾಹರ್ಟ್ಸ್, ಮನೆಯ ವೈಫೈ ಕೂಡ ಅಲ್ಲೇ ಪಕ್ಕದಲ್ಲಿ. ಒಂದರಲ್ಲಿ ನೂರಾರು ವಾಟ್ ಪೆಟ್ಟಿಗೆಯೊಳಗೆ ಬಂದಿ, ಇನ್ನೊಂದರಲ್ಲಿ ವಾಟಿನ ಹತ್ತನೇ ಒಂದು ಭಾಗದಷ್ಟು ಮನೆಯೆಲ್ಲ ಹರಡಿರುತ್ತದೆ. ಒಲೆಯ ಅಲೆ 12 ಸೆಂಟಿಮೀಟರ್ ಉದ್ದ. ಬಾಗಿಲ ಜಾಲರಿಯ ಸಣ್ಣ ತೂತಿನಲ್ಲಿ ಅದು ಹೊರಬರಲಾರದು, ಬೆಳಕು ಬರುತ್ತದೆ, ಅದಕ್ಕೇ ಒಳಗಿನ ಉಪ್ಪಿಟ್ಟು ಕಾಣುವುದು. ಅಲೆಗಳು ಗೋಡೆಗೆ ಬಡಿದು ಮರಳಿ ಒಂದರ ಮೇಲೊಂದು ಬೀಳುವುದರಿಂದ ಸುಮಾರು 6 ಸೆಂಟಿಮೀಟರಿಗೊಮ್ಮೆ ಬಿಸಿ ಜಾಗ, ನಡುವೆ ತಣ್ಣನೆಯ ಜಾಗ ಉಂಟಾಗುತ್ತವೆ. ತಟ್ಟೆ ತಿರುಗುವುದು ಅದಕ್ಕಾಗಿ.

ಅವಕೆಂಪಿನ ಸೀಮೆಯಲ್ಲಿ ಅಲೆಗಳು ಅಣುಗಳನ್ನು ಕಂಪಿಸುವಂತೆ ಮಾಡುತ್ತವೆ. ನಮ್ಮ ಮೈ ಕೂಡ ದೀಪವೇ. 37 ಡಿಗ್ರಿಯಲ್ಲಿ ಅದು ಸುಮಾರು 9 ಮೈಕ್ರಾನ್ ಸುತ್ತ ಅತಿ ಹೆಚ್ಚು ಹೊಳೆಯುತ್ತದೆ, ಕೊರೊನಾ ದಿನಗಳಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಓದುತ್ತಿದ್ದದ್ದು ಆ ಹೊಳಪನ್ನು. ನಡುರಾತ್ರಿಯೂ ಇನ್ಸಾಟ್ ಉಪಗ್ರಹ ಅರಬ್ಬಿ ಸಮುದ್ರದ ಮೋಡದ ಚಿತ್ರ ಕಳಿಸುತ್ತದೆ, ಕಾರಣ ಅದೂ ಶಾಖವನ್ನೇ ನೋಡುತ್ತದೆ. ಇಂಗಾಲದ ಡೈಆಕ್ಸೈಡ್ 15 ಮೈಕ್ರಾನ್ ಹತ್ತಿರದ ಅಲೆಯನ್ನು ಹೀರುತ್ತದೆ. ಬಿಸಿಲಾಗಿ ಬಂದ ಶಕ್ತಿ ಶಾಖವಾಗಿ ಹೊರಹೋಗುವ ಬಾಗಿಲಲ್ಲೇ ಅದು ನಿಂತಿದೆ. ಭೂಮಿ ಬಿಸಿಯಾಗುವ ವಿಚಾರ ಮೂಲತಃ ಇಷ್ಟೇ. 1928ರಲ್ಲಿ ಸಿ.ವಿ. ರಾಮನ್ ಕಂಡದ್ದು ಅಣುಗಳ ಇದೇ ಕಂಪನವನ್ನು, ಆದರೆ ಕಾಣುವ ಬೆಳಕಿನಲ್ಲಿ, ಚದುರಿದ ಬೆಳಕಿನ ಬಣ್ಣ ಅತಿ ಸ್ವಲ್ಪ ಸರಿದದ್ದರಲ್ಲಿ.

ಅತಿನೇರಳೆ ನಮಗೆ ಕಾಣದಿದ್ದರೂ ಜೇನ್ನೊಣಕ್ಕೆ ಕಾಣುತ್ತದೆ. ನಾವು ಇಡೀ ಹಳದಿ ಎಂದುಕೊಂಡ ಸೂರ್ಯಕಾಂತಿಯ ದಳದಲ್ಲಿ ಅದಕ್ಕೆ ಎರಡು ಬಣ್ಣ. ನಕ್ಷತ್ರಗಳ ಅತಿನೇರಳೆ ನೋಡಬೇಕೆಂದರೆ ಓಝೋನಿನ ಮೇಲಕ್ಕೆ ಹೋಗಬೇಕು; 2015ರ ಸೆಪ್ಟೆಂಬರಿನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಖಭೌತ ಸಂಸ್ಥೆಯ ಆವರಣದಲ್ಲಿ.

ಎಕ್ಸ್-ರೇ ಕಥೆ ಎಲ್ಲರಿಗೂ ಗೊತ್ತು: 1895ರ ನವೆಂಬರ್, ವ್ಯೂರ್ಟ್ಸ್‌ಬರ್ಗ್, ರಾಂಟ್ಗೆನ್, ಹೆಂಡತಿಯ ಕೈಯ ಮೂಳೆ ಮತ್ತು ಉಂಗುರ. ಕಡಿಮೆ ಜನಕ್ಕೆ ಗೊತ್ತಿರುವುದು ಅದರ ಮುಂದಿನ ಭಾಗ. ಆ ಅಲೆಯ ಅಳತೆ ಪರಮಾಣುವಿನ ಗಾತ್ರದ್ದೆಂದು 1912ರಲ್ಲಿ ಮ್ಯಾಕ್ಸ್ ಫಾನ್ ಲಾವೆಯ ಪ್ರಯೋಗ ತೋರಿಸಿದ ಮೇಲೆ, ಹರಳಿನೊಳಗೆ ಪರಮಾಣುಗಳು ಸಾಲುಗಟ್ಟಿದ ರೀತಿಯನ್ನು ಅಳೆಯುವುದು ಸಾಧ್ಯವಾಯಿತು. ಉಪ್ಪು, ವಜ್ರ, ಕೊನೆಗೆ ಡಿಎನ್‌ಎ, ಎಲ್ಲವೂ ಹಾಗೆ ತೆರೆದುಕೊಂಡವು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಆಕಾಶಕಾಯಗಳ ಎಕ್ಸ್-ರೇ ಧ್ರುವೀಕರಣ ಅಳೆಯುವ ಪೋಲಿಕ್ಸ್ ಉಪಕರಣ ರಾಮನ್ ಸಂಸ್ಥೆಯದು. ತೆಪ್ಪದ ಮೇಲೆ ಆ್ಯಂಟೆನಾ ಇಟ್ಟ ಸಂಸ್ಥೆಯೇ. ಆ ಅಲೆಗೂ ಈ ಅಲೆಗೂ ಉದ್ದದಲ್ಲಿ ಸುಮಾರು ನಾಲ್ಕು ಸಾವಿರ ಕೋಟಿ ಪಟ್ಟು ಅಂತರ, ಎರಡನ್ನೂ ಒಂದೇ ಆವರಣದವರು ನೋಡುತ್ತಾರೆ.

ಗಾಮಾ ಕಿರಣಕ್ಕೂ ಎಕ್ಸ್-ರೇಗೂ ನಡುವೆ ಪ್ರಕೃತಿ ಬೇಲಿ ಹಾಕಿಲ್ಲ. ಪರಮಾಣುವಿನ ಬೀಜಕೇಂದ್ರದಿಂದ ಬಂದರೆ ಗಾಮಾ, ಎಲೆಕ್ಟ್ರಾನ್‌ಗಳಿಂದ ಬಂದರೆ ಎಕ್ಸ್-ರೇ ಎಂದು ಕರೆಯುವ ರೂಢಿ, ಅಷ್ಟೇ. 2007ರಿಂದ ಅಮೆರಿಕಕ್ಕೆ ಹೋಗುವ ನಮ್ಮ ಮಾವಿನ ಹಣ್ಣಿಗೆ ವಿಕಿರಣದ ಉಪಚಾರ ಕಡ್ಡಾಯ. ಗಾಮಾ ಕಿರಣ ಸಿಪ್ಪೆ, ತಿರುಳು ದಾಟಿ ಓಟೆಯೊಳಗೆ ಅಡಗಿದ ಹುಳುವನ್ನು ಮುಟ್ಟುತ್ತದೆ. ಹಣ್ಣು ವಿಕಿರಣಶೀಲ ಆಗುವುದಿಲ್ಲ, ಬಿಸಿಲಿಗಿಟ್ಟ ಹಪ್ಪಳ ಕತ್ತಲಲ್ಲಿ ಬೆಳಗುವುದಿಲ್ಲವಲ್ಲ.

ಆಕಾಶದಿಂದ ಬರುವ ಅತಿ ಹೆಚ್ಚು ಶಕ್ತಿಯ ಗಾಮಾ ಕಿರಣಗಳು ನೆಲ ಮುಟ್ಟುವುದೇ ಇಲ್ಲ. ಮೇಲಿನ ಗಾಳಿಗೆ ಬಡಿದು ಕಣಗಳ ಮಳೆಯಾಗಿ ಒಡೆಯುತ್ತವೆ. ಆ ಕಣಗಳು ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತ ವೇಗವಾಗಿ ಸಾಗುತ್ತ ನೀಲಿ ಮಿಂಚು ಬಿಡುತ್ತವೆ. ಕಾಣುವ ಬೆಳಕೇ, ಆದರೆ ಸೆಕೆಂಡಿನ ನೂರು ಕೋಟಿಯ ಕೆಲವು ಭಾಗದಷ್ಟೇ ಹೊತ್ತು. ಅದನ್ನು ಹಿಡಿಯಲು ಲಡಾಖಿನ ಹಾನ್ಲೆಯಲ್ಲಿ, 4,200 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ, ಖಭೌತ ಸಂಸ್ಥೆಯೂ ಪಾಲುದಾರನಾಗಿರುವ ಹಗರ್ ಎಂಬ ಏಳು ದೂರದರ್ಶಕಗಳಿವೆ. 2024ರ ಅಕ್ಟೋಬರಿನಲ್ಲಿ ಅದರ ಪಕ್ಕ 21 ಮೀಟರ್ ಅಗಲದ ಮೇಸ್ ದೂರದರ್ಶಕವೂ ಉದ್ಘಾಟನೆಯಾಯಿತು. ಅಲ್ಲಿನ ಆಕಾಶವನ್ನು 2022ರಲ್ಲಿ ಕತ್ತಲೆಯ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಹಳ್ಳಿಯವರು ಬೀದಿದೀಪಕ್ಕೆ ಮುಸುಕು ಹಾಕಿ, ಕಿಟಕಿಗೆ ದಪ್ಪ ಪರದೆ ಎಳೆದುಕೊಳ್ಳುತ್ತಾರೆ. ರಾತ್ರಿ ಬರುವ ಗಾಡಿಗಳು ಹೆಡ್‌ಲೈಟ್ ತಗ್ಗಿಸಿಕೊಂಡೇ ಬರಬೇಕು.